ಕರ್ರಿ ಫ್ಲೋ 8: ರಬ್ಬರ್ ಅಟ್ಟೆ ಇಲ್ಲದ ಬ್ಯಾಸ್ಕೆಟ್‌ಬಾಲ್ ಶೂ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರ್ರಿ 2009ರಲ್ಲಿ ಅಲ್ಲಿನ ಎನ್‌ಬಿಎ ಲೀಗ್‌ನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸೇರಿದರು. ಬಲಗಾಲಿನ ಆಂಕಲ್ (ಪಾದದ ಗಂಟು) ಪದೇ ಪದೇ ಉಳುಕಿ, ಎರಡು ಶಸ್ತ್ರಚಿಕಿತ್ಸೆಯಾದವು; 2011–12ರ ಋತುವಿನಲ್ಲಿ ಆಡಿದ್ದು 26 ಪಂದ್ಯ ಮಾತ್ರ. 2013ರಲ್ಲಿ ಶೂ ಕಂಪನಿ ನೈಕಿ ಬಿಟ್ಟು ಅಂಡರ್ ಆರ್ಮರ್ ಕಂಪನಿಗೆ ಬಂದರು. 2015, 2016ರಲ್ಲಿ ಎಂವಿಪಿ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ) ಆದರು. ಅಂಡರ್ ಆರ್ಮರ್ ಅವರ ಹೆಸರಲ್ಲಿ 2020ರ ಕೊನೆಗೆ ತಂದ ಈ ಶೂ ಅವರ ಆಟಕ್ಕೆ ಹೊಂದುವಂಥದ್ದು: ಓಡುತ್ತಾ ಬಂದು ಗಕ್ಕನೆ ನಿಂತು ಶಾಟ್ ಹೊಡೆಯುವವರಿಗೆ.

ಅಡಿಯಲ್ಲಿ ಬೇರೆ ರಬ್ಬರ್ ಪದರವಿಲ್ಲ, ಫೋಮೇ ನೇರವಾಗಿ ನೆಲ ಮುಟ್ಟುತ್ತದೆ. ಹಾಗಾಗಿ ತೂಕ ಕಡಿಮೆ, ಅಟ್ಟೆಯ ರಬ್ಬರ್ ಕಿತ್ತುಬರುವ ತಾಪತ್ರಯವೂ ಇಲ್ಲ. ಮರದ ಕೋರ್ಟ್‌ನಲ್ಲಿ ಹಿಡಿತ ಅದ್ಭುತ. ಕೀಚಲು ಸದ್ದು ಮಾತ್ರ ಅಷ್ಟೇ ಜೋರು, ಅಭ್ಯಾಸವಾಗಬೇಕು! ದೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಇಳಿಯಿರಿ.

ಸಿಮೆಂಟ್ ಅಂಗಳಕ್ಕೆ ಇದು ಬೇಡವೇ ಬೇಡ. ನಮ್ಮಲ್ಲಿ ಬಹುಪಾಲು ಶಾಲಾ-ಕಾಲೇಜು ಕೋರ್ಟ್‌ಗಳು ಅಂಥವೇ. ಒರಟು ನೆಲದಲ್ಲಿ ಫೋಮ್ ಉಜ್ಜಿಹೋಗುತ್ತದೆ. ಪಿವಟ್ ಮಾಡುವಾಗ, ಅಂದರೆ ಒಂದೇ ಕಾಲೂರಿ ತಿರುಗುವಾಗ, ಒತ್ತಡ ಬೀಳುವ ಹೆಬ್ಬೆರಳಿನ ಕೆಳಭಾಗ ಮೊದಲು ಸವೆಯುತ್ತದೆ. ಅಲ್ಲಿನ ಗೆರೆಗಳು ಅಳಿಸಿದರೆ ಹಿಡಿತವೂ ಮುಗಿದಂತೆ.

ಕರ್ರಿ ಹೆಸರಿದೆ ಎಂದು ಆಂಕಲ್ ಉಳುಕುವುದು ನಿಲ್ಲುವುದಿಲ್ಲ. ಅವರೇ ಆಂಕಲ್ ಬ್ರೇಸ್ (ಗಂಟಿಗೆ ಆಧಾರ ಕೊಡುವ ಪಟ್ಟಿ) ಕಟ್ಟಿ ಆಡುತ್ತಾರೆ. ನೀವೂ ಬ್ರೇಸ್ ಹಾಕುವವರಾದರೆ ಅದನ್ನು ಧರಿಸಿಯೇ ಅಳತೆ ನೋಡಿ; ಬಿಗಿಯೆನಿಸಿದರೆ ಅರ್ಧ ಸೈಜ್ ದೊಡ್ಡದು ಕೊಳ್ಳಿ. ಹಳೇ ಸ್ಟಾಕ್ ಸಿಕ್ಕರೆ ಮುಂಭಾಗ ಬಗ್ಗಿಸಿ, ಅಂಚಿನ ಅಂಟು ಬಿಟ್ಟಿದೆಯೇ ಪರೀಕ್ಷಿಸಿ.