ಹೊಸ ಕ್ಷುದ್ರಗ್ರಹದ ಕಕ್ಷೆ: ಗಾಸ್ ಲೆಕ್ಕವೋ, ಫೈಂಡ್ ಆರ್ಬೋ, ಹೊರೈಜನ್ಸೋ?

2032ರಲ್ಲಿ ಭೂಮಿಗೆ ಡಿಕ್ಕಿ ಹೊಡೆಯಬಹುದೇನೋ ಎಂದು 2024 ವೈಆರ್4 ಎಂಬ ಕ್ಷುದ್ರಗ್ರಹ ಸುದ್ದಿಯಾದಾಗ ಅದರ ಕಕ್ಷೆಯನ್ನು ನಾನೇ ಲೆಕ್ಕ ಹಾಕಬೇಕೆಂಬ ಹುಚ್ಚು ಹತ್ತಿತು. ಯಾವ ಹೊತ್ತಿಗೆ ಆಕಾಶದಲ್ಲಿ ಎಲ್ಲಿ ಕಂಡಿತು ಎಂಬ ವೀಕ್ಷಣೆಗಳೆಲ್ಲ, ಜಗತ್ತಿನ ಇಂಥ ದಾಖಲೆಗಳನ್ನು ಒಟ್ಟುಗೂಡಿಸುವ ಮೈನರ್ ಪ್ಲಾನೆಟ್ ಸೆಂಟರ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಮೊದಲ ಕೆಲವು ರಾತ್ರಿಗಳದ್ದನ್ನಷ್ಟೇ ಇಟ್ಟುಕೊಂಡು, ಉಳಿದವು ಇನ್ನೂ ಬಂದೇ ಇಲ್ಲ ಎಂದುಕೊಂಡು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಗಣಿತಜ್ಞ ಗಾಸ್‌ನ ವಿಧಾನ, ಪೈಥಾನ್‌ನಲ್ಲಿ ನಾನೇ ಬರೆದದ್ದು. 1801ರ ಜನವರಿ 1ರಂದು ಖಗೋಳಜ್ಞ ಪಿಯಾಜ್ಜಿ ಕಂಡ ಸೆರೆಸ್ ಎಂಬ ಕಾಯ ಸೂರ್ಯನ ಪ್ರಭೆಯಲ್ಲಿ ಮರೆಯಾದಾಗ, ಗಾಸ್ ಹಾಕಿದ ಲೆಕ್ಕ ನೆಚ್ಚಿಕೊಂಡು ಹುಡುಕಿದವರಿಗೆ ಅದೇ ವರ್ಷದ ಕೊನೆಗೆ ಅದು ಮತ್ತೆ ಸಿಕ್ಕಿತು. ಮೂರೇ ವೀಕ್ಷಣೆ ಸಾಕು ಅನ್ನುವುದೇ ಇದರ ಸೆಳೆತ. ಒಂದೇ ರಾತ್ರಿಯ ಮೂರು ಕೊಟ್ಟೆ. ಕಕ್ಷೆ ಎಷ್ಟು ಉದ್ದಕ್ಕೆ ಎಳೆದಂತಿದೆ ಎಂದು ಹೇಳುವ ಉತ್ಕೇಂದ್ರತೆ 1 ದಾಟಿತು! ಅಂದರೆ ನನ್ನ ಕ್ಷುದ್ರಗ್ರಹ ಸೌರವ್ಯೂಹವನ್ನೇ ಬಿಟ್ಟು ಹೊರಟಿತ್ತು.

ತಪ್ಪು ಎರಡಿತ್ತು. ಅಷ್ಟು ಕಡಿಮೆ ಅಂತರದ ವೀಕ್ಷಣೆಗಳಲ್ಲಿ ದಾರಿಯ ಬಾಗು ಕಾಣುವುದೇ ಇಲ್ಲ. ಜೊತೆಗೆ, ನೋಡಿದವನು ಭೂಮಿಯ ಮೇಲ್ಮೈ ಮೇಲಿದ್ದಾನೆ ಎಂಬುದನ್ನು ಮರೆತು ಕೇಂದ್ರದಿಂದ ಲೆಕ್ಕ ಹಾಕಿದ್ದೆ. ದೂರದ ಸೆರೆಸ್‌ಗೆ ಅದು ಸಣ್ಣ ತಪ್ಪು. ಪತ್ತೆಯಾಗುವ ಎರಡು ದಿನ ಮೊದಲಷ್ಟೇ 8.29 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋದ ಕಾಯಕ್ಕೆ ಭೂಮಿಯ 6,378 ಕಿ.ಮೀ. ತ್ರಿಜ್ಯ ಆರ್ಕ್‌ಮಿನಿಟ್‌ಗಟ್ಟಲೆ (ಒಂದು ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ) ವ್ಯತ್ಯಾಸ ತರುತ್ತದೆ. ಸರಿಪಡಿಸಿ, ದಿನಗಳ ಅಂತರದ ಮೂರನ್ನು ಆರಿಸಿದಾಗ ದೀರ್ಘವೃತ್ತ ಬಂತು. ಬೇರೆ ಮೂರು ಆರಿಸಿದರೆ ಬೇರೆಯದೇ ದೀರ್ಘವೃತ್ತ. ಯಾವುದನ್ನು ಎಷ್ಟು ನಂಬಬೇಕೆಂಬ ಸುಳಿವು ಮಾತ್ರ ಇಲ್ಲ.

ಫೈಂಡ್ ಆರ್ಬ್ ಗೆದ್ದದ್ದು ಅಲ್ಲೇ. ಬಿಲ್ ಗ್ರೇ ಬರೆದ ಈ ತಂತ್ರಾಂಶ ವೀಕ್ಷಣೆಗಳನ್ನೆಲ್ಲ ಒಟ್ಟಿಗೆ ಹೊಂದಿಸಿ, ಕಕ್ಷೆಯ ಪ್ರತಿ ಸಂಖ್ಯೆಯ ಪಕ್ಕ ಎಷ್ಟು ಆಚೀಚೆ ಇರಬಹುದೆಂದು ತೋರಿಸುತ್ತದೆ. ಆರಂಭದಲ್ಲಿ ಸ್ವಲ್ಪ ಕಣ್ಣೀರು ತರಿಸಿತು. ಒಂದು ವೀಕ್ಷಣೆಗೆ 80 ಅಕ್ಷರಗಳ ಒಂದು ಸಾಲು. ದಿನಾಂಕ 16ನೆಯ ಸ್ಥಾನದಿಂದ ಶುರು, ಕೊನೆಯ ಮೂರರಲ್ಲಿ ವೀಕ್ಷಣಾಲಯದ ಸಂಕೇತ. 2024 ವೈಆರ್4 ಕಂಡುಹಿಡಿದ ಚಿಲಿಯ ಅಟ್ಲಾಸ್ ದೂರದರ್ಶಕದ್ದು ಡಬ್ಲ್ಯು68. ನಕಲಿಸುವಾಗ ನನ್ನ ಎಡಿಟರ್ ಸಾಲಿನ ಮೊದಲಿನ ಖಾಲಿ ಜಾಗಗಳನ್ನು ನುಂಗಿಬಿಟ್ಟಿತ್ತು. ಎಲ್ಲ ಎಡಕ್ಕೆ ಜರುಗಿ, ಒಂದು ವೀಕ್ಷಣೆಯೂ ದಾಖಲಾಗಲಿಲ್ಲ.

ಅದಾದ ಮೇಲೆ ಒಂದೊಂದೇ ರಾತ್ರಿ ಸೇರಿಸುತ್ತ ಹೋದೆ, ಅನಿಶ್ಚಿತತೆ ಕುಗ್ಗುತ್ತ ಬಂತು. ಈ ಕಾಯ ನಮ್ಮಿಂದ ಬಹುತೇಕ ನೇರವಾಗಿ ದೂರ ಸರಿಯುತ್ತಿದ್ದುದರಿಂದ ಆಕಾಶದಲ್ಲಿ ಅಷ್ಟಾಗಿ ಜರುಗಿದಂತೆ ಕಾಣುತ್ತಿರಲಿಲ್ಲ, ಕಕ್ಷೆ ಯಾಕೆ ಅಷ್ಟು ಸತಾಯಿಸಿತು ಎಂಬುದೂ ಕಣ್ಣಿಗೆ ಕಟ್ಟಿತು. 2032ರ ಡಿಕ್ಕಿಯ ಸಂಭವ ಏರಿ ಏರಿ, 2025ರ ಫೆಬ್ರವರಿ 18ರಂದು 3.1% ಮುಟ್ಟಿ, ಆಮೇಲೆ ಕೆಲವೇ ದಿನಗಳಲ್ಲಿ ಕುಸಿದದ್ದಕ್ಕೂ ಕಾರಣ ಇದೇ ಕುಗ್ಗುವಿಕೆ. ಡಿಕ್ಕಿಯ ದಿನ ಆ ಕಾಯ ಇರಬಹುದಾದ ಜಾಗದ ಹರವು ಕಿರಿದಾಗುವಾಗ ಭೂಮಿ ಅದರೊಳಗೇ ಉಳಿದಿದ್ದರೆ ಅದರ ಪಾಲು ಹೆಚ್ಚುತ್ತದೆ. ಅಂಚು ಭೂಮಿಯನ್ನು ದಾಟಿ ಈಚೆ ಬಂದ ಕ್ಷಣ ಬೀಳುತ್ತದೆ. 2004ರಲ್ಲಿ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹ 2.7% ತಲುಪಿದಾಗ ಆದದ್ದೂ ಹೀಗೇ.

ಒಂದು ಎಚ್ಚರಿಕೆ: ಹೊಂದದ ವೀಕ್ಷಣೆಗಳನ್ನು ಇದರಲ್ಲಿ ಸುಲಭವಾಗಿ ತೆಗೆದುಹಾಕಬಹುದು, ಅದು ಚಟವಾಗುತ್ತದೆ. ನಾನು ನಾಲ್ಕು ತೆಗೆದು ಖುಷಿಪಟ್ಟೆ, ಮಾರನೆಯ ರಾತ್ರಿಯ ವೀಕ್ಷಣೆಗಳು ಸೇರಿದಾಗ ಅವುಗಳಲ್ಲಿ ಮೂರು ಸರಿಯೇ ಇದ್ದವು.

ಮೂರನೆಯದಾದ, ನಾಸಾದ ಜೆಪಿಎಲ್ ಪ್ರಯೋಗಾಲಯ ನಡೆಸುವ ಹೊರೈಜನ್ಸ್ ಎಂಬ ಆನ್‌ಲೈನ್ ಸೇವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರು, ದಿನಾಂಕ, ಸ್ಥಳ ಕೊಟ್ಟರೆ ಆಕಾಶದಲ್ಲಿ ಎಲ್ಲಿ ನೋಡಬೇಕೆಂದು ಹೇಳುತ್ತದೆ, ನಿಖರತೆಯಲ್ಲಿ ನನ್ನ ಎರಡೂ ಪ್ರಯತ್ನ ಅದರ ಹತ್ತಿರ ಸುಳಿಯಲಾರವು. ಆದರೆ ಹೆಸರೇ ಇಡದ ಕಾಯಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೆ ಜೆಪಿಎಲ್‌ನದೇ ಸ್ಕೌಟ್ ಪುಟ ನೋಡಬೇಕು. ಹೊರೈಜನ್ಸ್ ನನಗೆ ಸರಿಯುತ್ತರಗಳ ಪಟ್ಟಿ. ಈಗ ಹೊಸದೇನಾದರೂ ಸಿಕ್ಕರೆ ಮೊದಲು ಫೈಂಡ್ ಆರ್ಬ್‌ನಲ್ಲಿ ಮುಂದಿನ ವಾರದ ಸ್ಥಾನ ಬರೆದಿಡುತ್ತೇನೆ, ಆಮೇಲಷ್ಟೇ ಹೊರೈಜನ್ಸ್ ತೆರೆಯುತ್ತೇನೆ.