ಪಿಕಪ್ ಹಿಂದೊಂದು ಪುಟ್ಟ ಟ್ರೇಲರ್: ಕೆಲವು ವರ್ಷ ಎಳೆದ ಮೇಲೆ

ಪಿಕಪ್‌ಗೇ ತೊಟ್ಟಿ ಇದೆಯಲ್ಲ, ಮತ್ತೆ ಟ್ರೇಲರ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಮುಖ್ಯ ಕಾರಣ ಎತ್ತರ. ಪಿಕಪ್ ತೊಟ್ಟಿ ಸೊಂಟಕ್ಕೆ ಬರುತ್ತದೆ, ಟ್ರೇಲರ್ ಹಲಗೆ ಮೊಣಕಾಲಿನ ಹತ್ತಿರವೇ ಇರುತ್ತದೆ. ಜನರೇಟರ್, ಹುಲ್ಲು ಕತ್ತರಿಸುವ ಯಂತ್ರ, ಕಬ್ಬಿಣದ ಬೀರು, ಇಂಥವನ್ನು ಏರಿಸಿ ಇಳಿಸುವವರ ಬೆನ್ನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ನನ್ನದು 5 ಅಡಿ ಅಗಲ, 8 ಅಡಿ ಉದ್ದದ ಒಂಟಿ ಆಕ್ಸಲ್ ಟ್ರೇಲರ್. ಪ್ಲೈವುಡ್ ಹಾಳೆ 4 ಅಡಿಗೆ 8 ಅಡಿ ಇರುತ್ತದೆ, ಅದು ಒಳಗೆ ಮಲಗಬೇಕು ಅಂತಲೇ ಈ ಅಳತೆ ಆರಿಸಿದೆ. ಇದಕ್ಕಿಂತ ಗಿಡ್ಡದ್ದು ಓಡಿಸಲು ಸುಲಭ ಅನ್ನಿಸುತ್ತದೆ, ಆದರೆ ರಿವರ್ಸ್‌ನಲ್ಲಿ ಗಿಡ್ಡದ್ದೇ ಕಾಡುವುದು. ಸ್ಟೀರಿಂಗ್ ಚೂರು ತಿರುಗಿಸಿದರೂ ಸಾಕು, ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಖಾಲಿ ಇದ್ದಾಗ ಪಿಕಪ್ ಹಿಂದೆ ನನ್ನ ಟ್ರೇಲರ್ ಕಾಣುವುದೂ ಇಲ್ಲ. ಅದಕ್ಕೇ ಹಿಂದಿನ ಎರಡು ಮೂಲೆಗೆ ತೆಳು ಕೋಲು ನಿಲ್ಲಿಸಿ ಕೆಂಪು ಪಟ್ಟಿ ಸುತ್ತಿದ್ದೇನೆ.

ಕೊಳ್ಳುವ ಮುಂಚೆ ಬಣ್ಣ ನೋಡಬೇಡಿ, ತೂಕದ ಮಿತಿ ಬರೆದಿರುವ ಪ್ಲೇಟ್ ಓದಿ. ನನ್ನ ಟ್ರೇಲರ್ ಪ್ಲೇಟ್ ಮೇಲಿರುವುದು 1,350 ಕೆಜಿ. ಅದು ಹೊರೆಯ ಲೆಕ್ಕ ಅಲ್ಲ, ಟ್ರೇಲರ್ ಮತ್ತು ಹೊರೆ ಎರಡೂ ಸೇರಿದ್ದು. ಖಾಲಿ ತೂಕ 320 ಕೆಜಿ, ನಾನು ಜೋಡಿಸಿದ ಸಾಮಾನು ಸುಮಾರು 60. ಉಳಿಯುವುದು 970 ಕೆಜಿ. ಪಕ್ಕದ ಹಲಗೆ 30 ಸೆಂಟಿಮೀಟರ್ ಎತ್ತರ ಇದೆ. ಒಣ ಮರಳು ಒಂದು ಘನ ಮೀಟರಿಗೆ ಸುಮಾರು 1,600 ಕೆಜಿ ತೂಗುತ್ತದೆ. ಅಂಚಿನವರೆಗೆ ತುಂಬಿದರೆ ಮರಳೇ 1,700 ಕೆಜಿ ದಾಟುತ್ತದೆ! ಒದ್ದೆ ಮರಳಾದರೆ ಇನ್ನೂ ಜಾಸ್ತಿ. ಹಾಗಾಗಿ ಹಲಗೆಯ ಒಳಗೆ ಅರ್ಧಕ್ಕಿಂತ ಕೆಳಗೆ ಬಿಳಿ ಗೆರೆ ಎಳೆದಿದ್ದೇನೆ. ಮಣ್ಣು, ಮರಳು, ಜಲ್ಲಿ ಯಾವುದೇ ಇರಲಿ, ಗೆರೆ ಬಂತು ಅಂದರೆ ಸಲಿಕೆ ಕೆಳಗೆ. ಪಿಕಪ್‌ಗೂ ಹಿಚ್‌ಗೂ (ಪಿಕಪ್ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಎಳೆಯುವ ಮಿತಿ ಬೇರೆ ಬೇರೆ ಇರುತ್ತದೆ. ಎಲ್ಲದರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ.

ಇನ್ನು ಮೂಕಿಯ ಭಾರ. ಮೂಕಿ ಅಂದರೆ ಟ್ರೇಲರ್ ಮುಂದೆ ಚಾಚಿಕೊಂಡಿರುವ, ಎಳೆಯುವ ಕಂಬಿ. ಇದರ ಬಗ್ಗೆ ಮಾರುವವರು ಬಾಯೇ ಬಿಡುವುದಿಲ್ಲ, ನನಗೆ ಅದೇ ಬೇಜಾರು. ಒಟ್ಟು ತೂಕದ 10ರಿಂದ 15 ಶೇಕಡಾ ಹಿಚ್ ಬಾಲ್ ಮೇಲೆ, ಅಂದರೆ ಹಿಚ್ ಮೇಲಿನ ಗುಂಡಿನ ಮೇಲೆ ಕೂರಬೇಕು. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದಲ್ಲ, ಇಲ್ಲೂ ಹಾಗೇ. ಆದರೆ ಇಲ್ಲಿ ಮೂಕಿ ಬಾಲ್‌ಗೆ ಸಿಕ್ಕಿಕೊಂಡಿರುತ್ತದೆ. ಮೇಲೇಳಲು ಆಗದೆ, ವೇಗ ಹೆಚ್ಚಿದಂತೆ ಇಡೀ ಟ್ರೇಲರ್ ಅತ್ತಿತ್ತ ಹೊಯ್ದಾಡಲು ಶುರುಮಾಡುತ್ತದೆ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಮನೆಯಲ್ಲಿ ತೂಕ ನೋಡುವ ಮಷೀನ್ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲರ್ (ಮೂಕಿಯ ತುದಿಯಲ್ಲಿ ಬಾಲ್ ಹಿಡಿಯುವ ಭಾಗ) ಇಳಿಸಿ ನೋಡಿ. ಬಾಲ್ ಇರುವ ಎತ್ತರಕ್ಕೇ ಇಳಿಸಬೇಕು. ಟ್ರೇಲರ್ 800 ಕೆಜಿ ಇದ್ದರೆ ಮಷೀನ್ 80ರಿಂದ 120 ತೋರಿಸಬೇಕು. ನಾನು ಆಕ್ಸಲ್‌ಗೆ ಸರಿಯಾಗಿ ಮೇಲೆ, ಹಲಗೆಗೆ ಅಡ್ಡಲಾಗಿ ಹಳದಿ ಗೆರೆ ಹಾಕಿದ್ದೇನೆ. ಭಾರದ ವಸ್ತುವಿನ ನಡು ಆ ಗೆರೆಗಿಂತ ಸ್ವಲ್ಪ ಮುಂದೆ ಬರಬೇಕು. ನಾನು ಮಾಡಿಸಿದ ಬದಲಾವಣೆಗಳಲ್ಲೆಲ್ಲ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಹಿಂದಿನ ಜಾಲರಿ ರ‍್ಯಾಂಪ್ ಗಾಳಿಗೆ ಎದುರಾಗಿ ನಿಂತು ಇಂಧನ ತಿನ್ನುತ್ತದೆ, ಗಡಗಡ ಸದ್ದು ಬೇರೆ. ಒಳಗೆ ಮಡಚಿ ಮಲಗುವಂತೆ ಕೀಲು ಬದಲಾಯಿಸಿ, ಚಿಲಕಕ್ಕೆ ರಬ್ಬರ್ ಪಟ್ಟಿ ಕೊಟ್ಟ ಮೇಲೆ ಶಾಂತವಾಗಿದೆ. ಬೆಲ್ಟ್ ಕಟ್ಟಲು ಬಳೆಗಳನ್ನು ಬರೀ ಹಲಗೆಗೆ ಸ್ಕ್ರೂ ಹೊಡೆಯಬೇಡಿ, ಕೆಳಗಿನ ಫ್ರೇಮ್‌ಗೇ ಬೋಲ್ಟ್ ಹಾಕಿಸಿ. ಮೂಕಿ ಮೇಲೆ ದೊಡ್ಡ ಟೂಲ್ ಬಾಕ್ಸ್ ಬೇಡ. ಸ್ಟೆಪ್ನಿ ಮಾತ್ರ ಇರಲೇಬೇಕು.

ಲೈಟಿನ ಕಾಟ ಎಲ್ಲ ಸಣ್ಣ ಟ್ರೇಲರ್‌ಗೂ ಇದ್ದದ್ದೇ. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಜೊತೆಗೆ ಮಿಣುಕುತ್ತದೆ ಅಂದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ, ಮೊದಲು ಅರ್ಥಿಂಗ್ ನೋಡಿ. ಎಷ್ಟೋ ಟ್ರೇಲರ್‌ಗಳಲ್ಲಿ ದೀಪದ ಅರ್ಥ್ ಬರೀ ಫ್ರೇಮ್ ಮೂಲಕ ಬರುತ್ತದೆ. ಬೋಲ್ಟ್ ಬುಡದಲ್ಲಿ ತುಕ್ಕು ಹಿಡಿದರೆ ಕರೆಂಟ್ ಬೇರೆ ದೀಪದ ಮೂಲಕ ದಾರಿ ಹುಡುಕುತ್ತದೆ. ಪ್ರತಿ ದೀಪದಿಂದಲೂ ಪ್ಲಗ್‌ವರೆಗೆ ಪ್ರತ್ಯೇಕ ಅರ್ಥ್ ವೈರ್ ಎಳೆಸಿದೆ. ಅಲ್ಲಿಂದೀಚೆಗೆ ಆ ಕಾಟ ನಿಂತಿದೆ.

ಲೀಫ್ ಸ್ಪ್ರಿಂಗ್ ಖಾಲಿ ಇದ್ದಾಗ ಕುಣಿಯುತ್ತದೆ, ಆದರೆ ರಿಪೇರಿ ಸುಲಭ. ವರ್ಷಕ್ಕೊಮ್ಮೆ ಚಕ್ರದ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸುತ್ತೇನೆ. ದೂರ ಓಡಿಸಿ ನಿಲ್ಲಿಸಿದಾಗ ಚಕ್ರದ ನಡುವಿನ ಎರಡೂ ಹಬ್‌ಗಳ ಹತ್ತಿರ ಕೈ ಒಯ್ದು ನೋಡುತ್ತೇನೆ. ಒಂದು ಇನ್ನೊಂದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಅಲ್ಲೇನೋ ಇದೆ ಅಂತ ಅರ್ಥ. ಟ್ರೇಲರ್ ಟೈರ್ ಸವೆಯುವ ಮುಂಚೆ ಮುಪ್ಪಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಳೇ ಟ್ರೇಲರ್ ಕೊಳ್ಳುವವರು ಇದನ್ನೇ ಮೊದಲು ನೋಡಿ.

ನನಗೆ ಪೂರ್ತಿ ಸಮಾಧಾನ ಇಲ್ಲದ್ದು ಪೇಂಟಿನ ವಿಷಯದಲ್ಲಿ. ಆಂಗಲ್ ಮತ್ತು ಹಲಗೆ ಸೇರುವ ಸಂದಿಯಲ್ಲಿ ನೀರು ನಿಂತು ಪದರ ಪದರವಾಗಿ ಏಳುತ್ತಿದೆ. ಎರಡು ಸಲ ಉಜ್ಜಿ ಬಳಿದರೂ ಅದೇ ಜಾಗ ಮತ್ತೆ ಕೆಂಪಾಗಿದೆ. ಮುಂದೆ ಕೊಂಡರೆ ಗ್ಯಾಲ್ವನೈಸ್ ಮಾಡಿದ ಫ್ರೇಮೇ ಕೊಳ್ಳುತ್ತೇನೆ, ತುಸು ಜಾಸ್ತಿ ಖರ್ಚಾದರೂ ಸರಿ.