ಗೋಡೆಗೆ ಕೌದಿಯೋ, ಮೂಲೆಗೆ ಬಣ್ಣದ ಗಡಿಗೆಯೋ?

ಕಲಬುರಗಿಯಲ್ಲಿ ಬಾಡಿಗೆ ಮನೆ ಹಿಡಿದ ತಂಗಿ ಕೇಳಿದಳು: "ಅಕ್ಕಾ, ಕಡಿಮೆ ಖರ್ಚಿನಲ್ಲಿ ಮನೆ ನಮ್ಮದು ಅನ್ನಿಸಬೇಕು. ಏನು ಮಾಡಲಿ?"

ಬೇಗ ಆಗಬೇಕೆಂದರೆ ಗಡಿಗೆ. ಬೀದರಿನ ಬಿದ್ರಿ ಕೆಲಸದಲ್ಲಿ ಸತು, ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ನಾವು ಮಣ್ಣಿನ ಗಡಿಗೆಗೆ ತರೋದು ಆ ನೋಟ ಮಾತ್ರ. ಇದನ್ನು ಬಿದ್ರಿ ಅಂತ ಕರೆಯಬಾರದು, ಆ ಹೆಸರು ಅಲ್ಲಿನ ಕುಶಲಕರ್ಮಿಗಳ ಕೆಲಸಕ್ಕೇ ಸಲ್ಲಬೇಕು. ಮಣ್ಣಿನ ಗಡಿಗೆಯನ್ನು ಉಸುಕು ಕಾಗದದಿಂದ ತಿಕ್ಕಿ, ಎರಡು ಸಲ ಕರಿ ಅಕ್ರಿಲಿಕ್ ಬಳಿಯಿರಿ. ಒಣಗಿದ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಿಂದ ಹೂಬಳ್ಳಿ ಬಿಡಿಸಿ. ಎರಡು ಸಂಜೆ ಸಾಕು. ಒಳಗೆ ನೀರು ಮಾತ್ರ ಹಾಕಬೇಡಿ. ತೇವ ಹೊರಗೆ ಜಿನುಗಿ ಬಣ್ಣ ಎದ್ದು ಬರುತ್ತದೆ.

ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ಅದಕ್ಕೆ ತಾಳ್ಮೆ ಬೇಕು, ದುಡ್ಡು ಬೇಡ. ಹಳೆ ಸೀರೆ, ಧೋತರ, ಸೂಜಿ, ದಪ್ಪ ದಾರ, ಅಷ್ಟೇ. ಪೂರ್ತಿ ಹಾಸಿಗೆಯಷ್ಟು ಹೊಲಿಯಲು ಹೋಗಬೇಡಿ. 2 ಅಡಿ ಅಗಲ, 3 ಅಡಿ ಉದ್ದ ಸಾಕು. ಮೆತ್ತನೆಯ ಕಾಟನ್ ಸೀರೆಯನ್ನೇ ಆರಿಸಿ, ನೈಲಾನ್ ಜಾರುತ್ತದೆ. ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕುತ್ತಾ ಬನ್ನಿ. ಅಮ್ಮನ ಸೀರೆಯ ತುಂಡು ನಡುವೆ ಇದ್ದರೆ ಎಷ್ಟು ಚೆಂದ ಅಲ್ವಾ? ಬಿದಿರು ಕೋಲಿಗೆ ಪೋಣಿಸಿ ತೂಗುಹಾಕಿದರೆ ಗೋಡೆಗೆ ಒಂದೆರಡು ಮೊಳೆ ಸಾಕು, ಮನೆ ಮಾಲೀಕರದ್ದೂ ತಕರಾರಿಲ್ಲ.

ನಮ್ಮ ಕಡೆ ಧೂಳು ಜಾಸ್ತಿ. ಗಡಿಗೆಯನ್ನು ಒಣ ಬಟ್ಟೆಯಿಂದ ಒರೆಸಬಹುದು, ಕೌದಿಯನ್ನು ಒಗೆಯಬಹುದು. ಮನೆ ಬದಲಿಸುವಾಗ ಗಡಿಗೆ ಒಡೆಯುವ ಭಯ, ಕೌದಿ ಸುಮ್ನೆ ಮಡಚಿದರಾಯಿತು. ಹಬ್ಬಕ್ಕೆ ವಾರವೇ ಉಳಿದಿದ್ದರೆ ಗಡಿಗೆ ಮಾಡಿ. ನನ್ನ ಮನಸ್ಸು ಕೌದಿಯ ಕಡೆಗೇ. ತಂಗಿಗೂ ಅದನ್ನೇ ಹೇಳಿ ಅಮ್ಮನ ಎರಡು ಸೀರೆ ಕಳಿಸಿದೆ.